ನೂಲನ್ನೂ ಬಟ್ಟೆಯನ್ನೂ ಒಂದೇ ಬುಟ್ಟಿಗೆ ಹಾಕಬೇಡಿ

ಇವತ್ತು ಮತ್ತೊಂದು ಪಾಮ್ ಫೈಲ್ ಕಣ್ಣಿಗೆ ಬಿತ್ತು, ಅಂದರೆ ಮೇವನ್ ಅನ್ನೋ ಬಿಲ್ಡ್ ಟೂಲಿನ ಸೆಟ್ಟಿಂಗ್ ಫೈಲು, ಆಸ್ಪೆಕ್ಟ್‌ಜೆ ಬಳಸುವ ಒಂದು ಜಾವಾ ಪ್ರಾಜೆಕ್ಟಿನದು. ಆಸ್ಪೆಕ್ಟ್‌ಜೆ ಅಂದರೆ, ಲಾಗಿಂಗಿನಂಥ ಎಲ್ಲೆಡೆ ಬೇಕಾದ ಕೋಡನ್ನು ಆಸ್ಪೆಕ್ಟ್ ಅಂತ ಒಂದು ಕಡೆ ಬರೆದು, ಜಾವಾ ಕ್ಲಾಸುಗಳೊಳಗೆ ಸೇರಿಸುವ, ಅಂದರೆ ನೇಯುವ, ಸಾಧನ. ಎಲ್ಲಾ ಮಾಡ್ಯೂಲಿನಲ್ಲೂ ಫೋರ್ಸ್‌ಎಜೆಸಿಕಂಪೈಲ್ ಟ್ರೂ, ಅಂದರೆ ಬದಲಾವಣೆ ಇರಲಿ ಬಿಡಲಿ ಪ್ರತಿ ಸಲ ನೇಯಿ ಅನ್ನೋ ಆಯ್ಕೆ. ಪಕ್ಕದಲ್ಲೇ ಕಾಮೆಂಟು: ತೆಗೆಯಬೇಡಿ, ತೆಗೆದರೆ ಬಿಲ್ಡ್ ಒಡೆಯುತ್ತೆ. ರೀಡ್‌ಮಿಯಲ್ಲಿ ದಪ್ಪಕ್ಷರದ ಅಪ್ಪಣೆ: ಯಾವಾಗಲೂ ಕ್ಲೀನ್ ಇನ್‌ಸ್ಟಾಲ್ ಮಾಡಿ. ಒಂದು ಸಾಲು ತಿದ್ದಿದರೂ ಇಡೀ ಪ್ರಾಜೆಕ್ಟು ಮೊದಲಿನಿಂದ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ಆಸ್ಪೆಕ್ಟ್‌ಜೆ ನಿಧಾನ. ನನಗೆ ಸಿಟ್ಟು ಬರೋದು ಇಲ್ಲೇ. ನಿಧಾನ ಆಗಿರೋದು ಆಸ್ಪೆಕ್ಟ್‌ಜೆಯಿಂದ ಅಲ್ಲ ಸ್ವಾಮಿ, ನೀವು ಡೈರೆಕ್ಟರಿ ಇಟ್ಟಿರೋ ರೀತಿಯಿಂದ.

ಇಂಥ ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಲಾಂಬಾಕ್ (ಗೆಟರ್, ಸೆಟರಿನಂಥ ಕೋಡನ್ನು ಕಂಪೈಲ್ ಆಗುವಾಗ ತಾನೇ ಸೇರಿಸುವ ಲೈಬ್ರರಿ) ಇರುತ್ತೆ. ಎಜೆಸಿ, ಅಂದರೆ ಆಸ್ಪೆಕ್ಟ್‌ಜೆಯ ಕಂಪೈಲರು, ಇರೋದು ಎಕ್ಲಿಪ್ಸಿನ ಜಾವಾ ಕಂಪೈಲರಿನ ಮೇಲೆ ಕಟ್ಟಿದ್ದು, ಅದಕ್ಕೂ ಲಾಂಬಾಕಿಗೂ ಆಗಿಬರಲ್ಲ. ಹಾಗಾಗಿ ಮೊದಲು ಜಾವಾದ ಮಾಮೂಲಿ ಕಂಪೈಲರು ಜಾವಾಸಿ ಕಂಪೈಲ್ ಮಾಡುತ್ತೆ, ಆಮೇಲೆ ಎಜೆಸಿ ಆ ಕ್ಲಾಸ್ ಫೈಲುಗಳಿಗೆ ಅಡ್ವೈಸ್ (ಆಸ್ಪೆಕ್ಟಿನಲ್ಲಿ ಬರೆದ ಕೋಡು) ನೇಯುತ್ತೆ. ಇಲ್ಲಿಯವರೆಗೆ ಸರಿ. ತಪ್ಪು ಏನು ಅಂದರೆ, ಎಜೆಸಿ ಓದೋದು ಟಾರ್ಗೆಟ್ ಕ್ಲಾಸಸ್ ಡೈರೆಕ್ಟರಿಯಿಂದ, ಬರೆಯೋದೂ ಅದೇ ಟಾರ್ಗೆಟ್ ಕ್ಲಾಸಸ್‌ಗೆ. ನೇಯದ ಕ್ಲಾಸು ಯಾವುದು, ನೇಯ್ದಿದ್ದು ಯಾವುದು ಅಂತ ಬಿಲ್ಡ್ ಟೂಲಿಗೆ ಹೇಗೆ ಗೊತ್ತಾಗಬೇಕು?

ಗ್ರೇಡಲ್ ಅನ್ನೋ ಇನ್ನೊಂದು ಬಿಲ್ಡ್ ಟೂಲಿನಲ್ಲಿ ಇದರ ಫಲ ನೇರವಾಗಿ ಕಾಣುತ್ತೆ. ಕಂಪೈಲ್‌ಜಾವಾ ಟಾಸ್ಕ್ ತಾನು ಬರೆದ ಫೈಲುಗಳ ಗುರುತು ಇಟ್ಟುಕೊಂಡಿರುತ್ತೆ. ಬೇರೆ ಟಾಸ್ಕ್ ಬಂದು ಅದರ ಮೇಲೇ ನೇಯ್ದು ಹೋದರೆ, ಮುಂದಿನ ಸಲ ನನ್ನ ಔಟ್‌ಪುಟ್ ಬದಲಾಗಿದೆ ಅಂತ ಅದು ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತೆ. ನೀವು ಒಂದಕ್ಷರ ಮುಟ್ಟದಿದ್ದರೂ. ಇನ್ಫೋ ಲಾಗ್ ಹಾಕಿ ನೋಡಿ, ಕಾರಣ ಅಲ್ಲೇ ಬರೆದಿರುತ್ತೆ. ಆದರೆ ಯಾರೂ ಓದಲ್ಲ.

ಇನ್ನು ಆಸ್ಪೆಕ್ಟಿನ ಹೆಸರು ಬದಲಿಸಿ ನೋಡಿ. ಎಜೆಸಿ ಪ್ರತಿ ನೇಯ್ದ ಕ್ಲಾಸಿನೊಳಗೂ ಮೂಲ ಬೈಟ್‌ಕೋಡನ್ನೂ (ನೇಯೋಕೆ ಮೊದಲಿನ, ಕಂಪೈಲ್ ಆದ ಕೋಡು), ಯಾವ ಆಸ್ಪೆಕ್ಟು ನೇಯಿತು ಅನ್ನೋದನ್ನೂ ಒಂದು ಆಟ್ರಿಬ್ಯೂಟಿನಲ್ಲಿ ಬಚ್ಚಿಟ್ಟಿರುತ್ತೆ, ಮತ್ತೆ ನೇಯೋಕೆ ಬೇಕು ಅಂತ. ಹಳೇ ಹೆಸರು ಅದರಲ್ಲಿ ಉಳಿದಿರುತ್ತೆ. ಹೊಸ ಬಿಲ್ಡಿನಲ್ಲಿ ಆ ಆಸ್ಪೆಕ್ಟ್ ಸಿಗಲ್ಲ, ಅದನ್ನು ಆಸ್ಪೆಕ್ಟ್‌ಪಾತಿನಲ್ಲಿ (ಎಜೆಸಿ ಆಸ್ಪೆಕ್ಟುಗಳನ್ನು ಹುಡುಕುವ ಜಾಗ) ಕೊಡಿ ಅಂತ ಎರರ್ ಬರುತ್ತೆ. ಹೀಗೆ ಬಚ್ಚಿಡೋದನ್ನು ನಿಲ್ಲಿಸುವ ನಾಟ್‌ರೀವೀವಬಲ್ ಆಯ್ಕೆ ಹಾಕಿದರೆ ಇನ್ನೊಂದು ಎರರ್: ಈ ಕ್ಲಾಸನ್ನು ಆಗಲೇ ನೇಯಲಾಗಿದೆ ಅಂತ. ಜನ ಈ ಎರಡನ್ನೂ ನೋಡಿದ ಕೂಡಲೇ ಮಾಡೋದು ಒಂದೇ, ಕ್ಲೀನ್. ಬಿಲ್ಡ್ ಹಾದುಹೋಗುತ್ತೆ. ಕಾರಣ ಹಾಗೇ ಉಳಿಯುತ್ತೆ, ಮಾರನೇ ದಿನ ಕ್ಲೀನ್ ಅನ್ನೋದು ನಿಯಮ ಆಗಿಬಿಡುತ್ತೆ.

ಸರಿಪಡಿಸೋದು ಅರ್ಧ ದಿನದ ಕೆಲಸ. ಜಾವಾಸಿಯ ಔಟ್‌ಪುಟ್ ಬಿಲ್ಡ್ ಫೋಲ್ಡರಿನ ಒಳಗೆ ಬೇರೆ ಡೈರೆಕ್ಟರಿಗೆ ಹೋಗಲಿ, ಅನ್‌ವೋವನ್ ಅಂತಲೇ ಹೆಸರಿಡಿ. ನೇಯುವ ಟಾಸ್ಕ್ ಪ್ರತ್ಯೇಕ ಇರಲಿ: ಇನ್‌ಪಾತ್ (ನೇಯಬೇಕಾದ ಕ್ಲಾಸುಗಳ ಜಾಗ) ಅಂದರೆ ಆ ಅನ್‌ವೋವನ್ ಡೈರೆಕ್ಟರಿ, ಆಸ್ಪೆಕ್ಟ್‌ಪಾತ್ ಅಂದರೆ ಆಸ್ಪೆಕ್ಟುಗಳ ಜಾರ್ (ಕ್ಲಾಸುಗಳನ್ನು ಕಟ್ಟಿಟ್ಟ ಫೈಲು), ಔಟ್‌ಪುಟ್ ಇನ್ನೊಂದು ಡೈರೆಕ್ಟರಿ. ಪ್ರಾಕ್ ನನ್ ಆಯ್ಕೆ ಕೊಡಿ, ಅನೋಟೇಶನ್ ಪ್ರಾಸೆಸರುಗಳ, ಅಂದರೆ ಲಾಂಬಾಕಿನಂಥವುಗಳ, ಕೆಲಸ ಜಾವಾಸಿಯಲ್ಲೇ ಮುಗಿದಿದೆ. ಇನ್ನೊಂದು ಕಡೆ ಎಚ್ಚರ ಬೇಕು: ಟೆಸ್ಟಿನ ಕ್ಲಾಸ್‌ಪಾತಿಗೂ ಜಾರ್ ಟಾಸ್ಕಿಗೂ ನೇಯ್ದ ಡೈರೆಕ್ಟರಿ ಮಾತ್ರ ಹೋಗಬೇಕು. ಎರಡೂ ಹೋದರೆ, ಮೊದಲು ಸಿಕ್ಕಿದ್ದು ಲೋಡ್ ಆಗುತ್ತೆ, ಅಡ್ವೈಸ್ ಓಡದೆ ಟೆಸ್ಟ್ ಬಿದ್ದಾಗ ಯಾಕೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತೆ. ಅನುಮಾನ ಬಂದರೆ ಕ್ಲಾಸಿನ ಮೇಲೆ ಜಾವಾಪಿ (ಕ್ಲಾಸ್ ಫೈಲಿನೊಳಗೆ ಏನಿದೆ ಅಂತ ತೋರಿಸುವ ಟೂಲು) ಓಡಿಸಿ, ಪ್ರೈವೇಟ್ ಮೆಂಬರುಗಳೂ ಕಾಣುವ ಹಾಗೆ. ಅಡ್ವೈಸಿನಲ್ಲಿ ದಿಸ್‌ಜಾಯಿನ್‌ಪಾಯಿಂಟ್ (ಅಡ್ವೈಸ್ ಓಡುವ ಜಾಗದ ವಿವರ) ಬಳಸಿದ್ದರೆ, ನೇಯ್ದ ಕ್ಲಾಸಿನಲ್ಲಿ ಎಜೆಸಿ ಡಾಲರ್ ಪ್ರಿಕ್ಲಿನಿಟ್ ಅನ್ನೋ ಮೆಥಡ್ ಇರಲೇಬೇಕು. ಇಲ್ಲದಿದ್ದರೆ ಅದು ಇನ್ನೂ ನೂಲು.

ಗ್ರೇಡಲಿನಲ್ಲಿ ಆಸ್ಪೆಕ್ಟ್‌ಪಾತನ್ನು ಟಾಸ್ಕಿನ ಇನ್‌ಪುಟ್ ಅಂತ ಘೋಷಿಸುವಾಗ ಕಂಪೈಲ್‌ಕ್ಲಾಸ್‌ಪಾತ್ ಅನೋಟೇಶನ್ ಹಾಕಲೇಬೇಡಿ, ಕ್ಲಾಸ್‌ಪಾತ್ ಹಾಕಿ. ಮೊದಲನೆಯದು ಮೆಥಡಿನ ಸಹಿ ಮಾತ್ರ ನೋಡುತ್ತೆ, ಒಳಗಿನ ಕೋಡನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಅರೌಂಡ್ ಅಡ್ವೈಸಿನ (ಮೆಥಡನ್ನು ಸುತ್ತುವರಿದು ಓಡುವ ಅಡ್ವೈಸ್) ಒಡಲನ್ನು ಎಜೆಸಿ ಗುರಿ ಕ್ಲಾಸಿನೊಳಗೇ ಇನ್‌ಲೈನ್ ಮಾಡುತ್ತೆ, ಅಂದರೆ ನಕಲು ಮಾಡಿ ಇಡುತ್ತೆ. ಒಡಲು ಬದಲಾದರೂ ಮತ್ತೆ ನೇಯದಿದ್ದರೆ ಹಳೇ ಕೋಡೇ ಓಡುತ್ತೆ. ಇದರಷ್ಟು ಕೆಟ್ಟ ಬಗ್ ಹುಡುಕೋದು ಕಷ್ಟ.

ಮೇವನ್ನಿನವರ ಕಷ್ಟ ನಿಜಕ್ಕೂ ಹೆಚ್ಚು, ಒಪ್ಪುತ್ತೇನೆ. ಅಲ್ಲಿನ ಪ್ಲಗಿನ್ ಬಿಲ್ಡ್‌ಡೆಫ್ ಅನ್ನೋ ಲಿಸ್ಟ್ ಫೈಲಿನ ಸಮಯ ನೋಡಿ, ಆಯ್ಕೆಗಳ ಸಾಲನ್ನು ಹೋಲಿಸಿ, ಓಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತೆ. ಆಸ್ಪೆಕ್ಟ್ ಲೈಬ್ರರಿಯ ಜಾರ್ ಬದಲಾಗಿ ಹೆಸರು ಅದೇ ಉಳಿದಿದ್ದರೆ ಅದಕ್ಕೆ ತಿಳಿಯಲ್ಲ. ಫೋರ್ಸ್‌ಎಜೆಸಿಕಂಪೈಲ್ ಹುಟ್ಟಿಕೊಳ್ಳೋದು ಅಲ್ಲಿಂದಲೇ. ಹಾಕಲೇಬೇಕಾದರೆ ನೇಯ್ಗೆ ಬೇಕಾದ ಮಾಡ್ಯೂಲಿಗಷ್ಟೇ ಹಾಕಿ. ಪೇರೆಂಟ್ ಪಾಮಿನಲ್ಲಿ ಹಾಕಿ ಎಲ್ಲರ ತಲೆಗೂ ಯಾಕೆ ಕಟ್ಟುತ್ತೀರಿ?

ಡೈರೆಕ್ಟರಿ ಬೇರೆ ಮಾಡಿದ ಮೇಲೂ ಒಂದು ಖರ್ಚು ಉಳಿಯುತ್ತೆ: ಎಜೆಸಿ ಇನ್‌ಪಾತಿನ ಎಲ್ಲಾ ಕ್ಲಾಸನ್ನೂ ನೋಡುತ್ತೆ. ಅದಕ್ಕೇ ಪಾಯಿಂಟ್‌ಕಟ್ (ಎಲ್ಲೆಲ್ಲಿ ನೇಯಬೇಕು ಅಂತ ಹೇಳುವ ಸಾಲು) ಬಿಗಿ ಇರಬೇಕು. ಯಾವ ಪ್ಯಾಕೇಜಿನೊಳಗೆ ಅಂತ ಹೇಳುವ ವಿದಿನ್ ಇಲ್ಲದೆ ಬರೀ ಎಕ್ಸಿಕ್ಯೂಶನ್, ಎಲ್ಲಾ ಕಡೆ ನಕ್ಷತ್ರ ಅಂತ ಬರೆದರೆ ಇಡೀ ಮಾಡ್ಯೂಲೇ ಗುರಿ. ವಿದಿನ್ ಸೇರಿಸಿದರೆ ಪ್ಯಾಕೇಜಿನ ಹೊರಗಿನ ಕ್ಲಾಸುಗಳನ್ನು ಎಜೆಸಿ ಬೇಗ ಪಕ್ಕಕ್ಕಿಡುತ್ತೆ. ಇನ್ನು ಕಾಲ್ ಬೇಕೋ ಎಕ್ಸಿಕ್ಯೂಶನ್ ಬೇಕೋ ಅಂತ ಯೋಚಿಸಿಯೇ ಬರೆಯಿರಿ. ಎಕ್ಸಿಕ್ಯೂಶನ್ ಅಂದರೆ ಮೆಥಡ್ ಇರುವ ಕ್ಲಾಸಿನಲ್ಲಿ ಮಾತ್ರ ನೇಯ್ಗೆ. ಕಾಲ್ ಅಂದರೆ ಅದನ್ನು ಕರೆಯುವ ಪ್ರತಿ ಕ್ಲಾಸಿನಲ್ಲೂ ನೇಯ್ಗೆ, ಅಂದರೆ ಕರೆಯುವ ಮಾಡ್ಯೂಲುಗಳನ್ನೆಲ್ಲ ಮಗ್ಗಕ್ಕೆ ಏರಿಸಬೇಕು. ಲಾಗಿಂಗಿಗೆ ಕಾಲ್ ಹಾಕಿದ್ದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಆಸ್ಪೆಕ್ಟುಗಳನ್ನೂ ಒಂದೇ ಜಾರಿನಲ್ಲಿ ತುಂಬಬೇಡಿ. ಕ್ಲಾಸ್‌ಪಾತ್ ಅನೋಟೇಶನ್ ಕಾಮೆಂಟಿನ ಸಾಲು ಸೇರಿಸಿದರೂ ಬದಲಾವಣೆ ಅಂತಲೇ ಲೆಕ್ಕ ಹಾಕುತ್ತೆ, ಯಾಕೆಂದರೆ ಬೈಟ್‌ಕೋಡಿನ ಲೈನ್ ನಂಬರುಗಳು ಸರಿಯುತ್ತವೆ. ಲಾಗಿಂಗ್ ಬೇರೆ ಜಾರ್, ಟ್ರಾನ್ಸಾಕ್ಷನ್ ಬೇರೆ ಜಾರ್ ಆದರೆ, ಒಂದನ್ನು ಮುಟ್ಟಿದಾಗ ಅದನ್ನು ಬಳಸುವ ಮಾಡ್ಯೂಲುಗಳಷ್ಟೇ ಮತ್ತೆ ನೇಯುತ್ತವೆ.

ಲೋಡ್ ಟೈಮಿನಲ್ಲೇ, ಅಂದರೆ ಪ್ರೋಗ್ರಾಮ್ ಓಡುವಾಗ ಕ್ಲಾಸು ಲೋಡ್ ಆಗುವ ಹೊತ್ತಿಗೆ, ನೇಯ್ದರೆ ಮುಗೀತಲ್ಲ, ಬಿಲ್ಡಿಗೆ ಯಾಕೆ ತೊಂದರೆ ಅಂತ ಕೇಳೋರಿದ್ದಾರೆ. ಖರ್ಚು ಎಲ್ಲೂ ಹೋಗಲ್ಲ, ಪ್ರತಿ ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಮ್) ಏಳುವಾಗ ಕಟ್ಟಬೇಕು. ಟೆಸ್ಟುಗಳು ಹತ್ತು ಜೆವಿಎಂ ಎಬ್ಬಿಸಿದರೆ ಹತ್ತು ಸಲ. ಮೇಲಾಗಿ ಪ್ರೊಡಕ್ಷನ್ನಿಗೆ ಹೋಗೋದು ಬಿಲ್ಡಿನಲ್ಲಿ ನೇಯ್ದ ಜಾರ್ ಆದರೆ, ನೀವು ಪರೀಕ್ಷೆ ಮಾಡಿದ್ದು ಬೇರೆಯದನ್ನೇ. ಸ್ಪ್ರಿಂಗ್ ಫ್ರೇಮ್‌ವರ್ಕಿನ ಪ್ರಾಕ್ಸಿ (ಆಬ್ಜೆಕ್ಟಿನ ಮುಂದೆ ನಿಂತು ಹೊರಗಿನ ಕರೆಗಳನ್ನು ಹಿಡಿಯುವ ಮಧ್ಯವರ್ತಿ) ಸಾಕು ಅನ್ನೋರಿಗೂ ಒಂದು ಮಾತು: ಅದೇ ಆಬ್ಜೆಕ್ಟಿನೊಳಗಿನ ಮೆಥಡ್ ಇನ್ನೊಂದು ಮೆಥಡನ್ನು ಕರೆದಾಗ ಪ್ರಾಕ್ಸಿ ನಡುವೆ ಬರೋದೇ ಇಲ್ಲ. ನಿಮಗೆ ಅದು ಬೇಕಿಲ್ಲ ಅಂದರೆ ಮೊದಲಿಗೇ ಆಸ್ಪೆಕ್ಟ್‌ಜೆ ಯಾಕೆ ತಂದಿರಿ?

ಡೈರೆಕ್ಟರಿ ಬೇರೆ ಮಾಡಿದ ಮೇಲೆ ಹೀಗೆ ನೋಡಿ. ಏನೂ ಮುಟ್ಟದೆ ಎರಡು ಸಲ ಬಿಲ್ಡ್ ಮಾಡಿ, ಎರಡನೇ ಸಲ ಕಂಪೈಲ್, ನೇಯ್ಗೆ ಎರಡೂ ಅಪ್‌ಟುಡೇಟ್ ಅನ್ನಬೇಕು. ಅಡ್ವೈಸಿನ ಒಡಲಲ್ಲಿ ಒಂದು ಸಾಲು ಬದಲಿಸಿ, ಅದನ್ನು ಬಳಸುವ ಮಾಡ್ಯೂಲಿನಲ್ಲಿ ನೇಯ್ಗೆ ಓಡಬೇಕು, ಕಂಪೈಲ್ ಓಡಬಾರದು. ಆಮೇಲೆ ಆಸ್ಪೆಕ್ಟಿನ ಹೆಸರು ಬದಲಿಸಿ, ಕ್ಲೀನ್ ಇಲ್ಲದೆ ಬಿಲ್ಡ್ ಮಾಡಿ. ಎರರ್ ಬರದೆ ಮುಗಿದರೆ, ರೀಡ್‌ಮಿ ತೆರೆದು ಆ ದಪ್ಪಕ್ಷರದ ಸಾಲನ್ನು ಅಳಿಸಿಹಾಕಿ.