ಮೂಗು ಮುರಿದ ಫಲ

ಮೈತುಂಬ ಸೋಪು ಹಚ್ಚಿಕೊಂಡು ನಿಂತಾಗ ನಲ್ಲಿ ಕೈಕೊಡುವ ಅನುಭವ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇದ್ದವರಿಗೆಲ್ಲ ಆಗಿಯೇ ಇರುತ್ತದೆ. ಅಲ್ಲಿ ನೀರು ಮುಗಿದು ನಿಲ್ಲುತ್ತದೆ. ನನಗಾದರೋ ಮೊನ್ನೆ ಗುರುವಾರ ತೊಟ್ಟಿಯ ತುಂಬ ನೀರಿರುವಾಗಲೇ ನಿಂತಿತು.

ನಾನಿರುವುದು ಕೆನಡಾದ ನುನಾವುತ್‌ನಲ್ಲಿ, ಬಾಫಿನ್ ದ್ವೀಪದ ಉತ್ತರದ ಅಂಚಿನಲ್ಲಿರುವ ಮಿತ್ತಿಮತಾಲಿಕ್ ಎಂಬ, ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನೂಯಿಟ್ ಜನರ ಊರಿನಲ್ಲಿ. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ ಇಲ್ಲಿ ಕೊಳವೆ ಹೂಳುವಂತಿಲ್ಲ. ಒಂದು ಟ್ರಕ್ಕು ನೀರು ತುಂಬಿಸಿ ಹೋಗುತ್ತದೆ, ಇನ್ನೊಂದು ಬಂದು ಕೊಳಚೆ ತೊಟ್ಟಿಯನ್ನು ಹೀರಿ ಖಾಲಿ ಮಾಡುತ್ತದೆ. ಕೊಳಚೆ ತೊಟ್ಟಿ ತುಂಬಿತೆಂದರೆ ಹೊರಗೊಂದು ದೀಪ ಹೊತ್ತಿಕೊಂಡು ನೀರಿನ ಪಂಪು ತಾನಾಗಿಯೇ ನಿಂತುಬಿಡುತ್ತದೆ.

ತಪ್ಪು ನನ್ನ ಮೂಗಿನದು. ಇಲ್ಲಿಯವರು ಹೌದೆನ್ನಲು ಹುಬ್ಬೇರಿಸುತ್ತಾರೆ, ಇಲ್ಲವೆನ್ನಲು ಮೂಗು ಮುರಿಯುತ್ತಾರೆ. ನಮ್ಮಲ್ಲಿ ಈ ಎರಡನ್ನೂ ಬೀಗರ ಮನೆಯ ಉಪ್ಪಿಟ್ಟು ಕಂಡಾಗ ಮಾತ್ರ ಮಾಡುವ ಪದ್ಧತಿ. ಬಂದ ಹೊಸದರಲ್ಲಿ, ಏನು ಕೇಳಿದರೂ ಹುಬ್ಬೇರಿಸುವ ಅಂಗಡಿಯ ಹುಡುಗ ನನ್ನನ್ನು ಅಣಕಿಸುತ್ತಿದ್ದಾನೆಂದೇ ಒಂದು ವಾರ ಮುನಿಸಿಕೊಂಡಿದ್ದೆ. ಮಂಗಳವಾರ ಕೊಳಚೆ ಟ್ರಕ್ಕಿನ ಚಾಲಕ ಕಿಟಕಿ ಇಳಿಸಿ, ಇವತ್ತು ಖಾಲಿ ಮಾಡಲೇ ಎಂದು ಕೇಳಿದ. ಮೈನಸ್ ಮೂವತ್ತೈದರ ಚಳಿಯಲ್ಲಿ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಸೂಜಿಯಂತೆ ಚುಚ್ಚುತ್ತಿದ್ದುದರಿಂದ, ಬಾಯಿ ತೆರೆಯುವ ಮೊದಲೇ ನನ್ನ ಮೂಗು ತನ್ನಷ್ಟಕ್ಕೆ ಸುಕ್ಕಾಯಿತು. ಅವನು ಕೈಬೀಸಿ ಹೊರಟೇ ಹೋದ. ಹಿಂದೆ ಓಡುತ್ತ ನಾನು ತಲೆಯನ್ನು ಆಚೀಚೆ ಅಲ್ಲಾಡಿಸಿದೆ. ಅದು ನಮ್ಮೂರಿನ ಹೌದು ಎಂಬುದು ಅವನಿಗೆ ತಿಳಿಯುವುದಾದರೂ ಹೇಗೆ? ಬುಧವಾರ ಹಿಮಗಾಳಿ ಎದ್ದು ಟ್ರಕ್ಕುಗಳೆಲ್ಲ ಮನೆ ಸೇರಿದವು.

ನವೆಂಬರ್ ಮಧ್ಯದಲ್ಲಿ ಹೋದ ಸೂರ್ಯ ಜನವರಿಯ ಕೊನೆಯವರೆಗೂ ಮುಖ ತೋರಿಸುವುದಿಲ್ಲ. ಮಧ್ಯಾಹ್ನ ದಕ್ಷಿಣದಂಚಿನಲ್ಲಿ ನಸುಗೆಂಪು ಮೂಡಿ ಆರಿಹೋಗುವ ಹೊತ್ತಿಗೆ ಅಮ್ಮನ ಕರೆ ಬರುತ್ತದೆ, ಅಲ್ಲಿ ಆಗಲೇ ರಾತ್ರಿ. “ಊಟ ಆಯ್ತೇನೋ?” ಎಂದಾಗ ಈಚೆಗೆ ನಾನು ಹುಬ್ಬೇರಿಸಿ ಸುಮ್ಮನಾಗುತ್ತೇನೆ. ಮಗನಿಗೆ ಮಾತೂ ಬೇಡವಾಯಿತೆಂದು ಅವಳು ಅಕ್ಕನ ಬಳಿ ಹೇಳಿಕೊಂಡಿದ್ದಾಳಂತೆ.

ಇರಲಿ, ಸೋಪಿನ ವಿಷಯಕ್ಕೆ ಬರುತ್ತೇನೆ. ಒರೆಸಿಕೊಂಡಷ್ಟೂ ನೊರೆ ಒಣಗಿ ಮೈಯೆಲ್ಲ ಹಪ್ಪಳದಂತೆ ಬಿಗಿಯತೊಡಗಿದಾಗ, ಪಾರ್ಕಾ ಎಂಬ ಟೊಪ್ಪಿಗೆಯುಳ್ಳ ದಪ್ಪ ಚಳಿಕೋಟು ಏರಿಸಿ ಗಾಳಿಗೆ ಬೆನ್ನುಕೊಟ್ಟು ಪಕ್ಕದ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಹೆಪ್ಪುಗಟ್ಟಿದ ಸಮುದ್ರದಲ್ಲಿ ಸಿಕ್ಕಿಕೊಂಡ ನೀರ್ಗಲ್ಲ ಬೆಟ್ಟದಿಂದ ಅವರ ಮೊಮ್ಮಗ ಒಡೆದು ತಂದ ಮಂಜುಗಡ್ಡೆ ಒಲೆಯ ಪಕ್ಕದ ಬಕೆಟ್ಟಿನಲ್ಲಿ ಕರಗುತ್ತಿತ್ತು. ಚಹಾಕ್ಕೆ ಆ ನೀರೇ ಆಗಬೇಕು, ಟ್ರಕ್ಕಿನ ನೀರಿಗೆ ರುಚಿಯಿಲ್ಲ ಎಂಬುದು ಅಜ್ಜಿಯ ಖಚಿತ ಅಭಿಪ್ರಾಯ. ನಾನು ಬಕೆಟ್ಟನ್ನೂ ನನ್ನ ತಲೆಯನ್ನೂ ತೋರಿಸಿ, ಕೈಯಲ್ಲೇ ನೀರು ಸುರಿದುಕೊಳ್ಳುವ ಅಭಿನಯ ಮಾಡಿ, ದೈನ್ಯದಿಂದ ನೋಡಿದೆ.

ಕೂದಲಲ್ಲಿ ಒಣಗಿದ ನೊರೆಯನ್ನು ಅವರು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ನಿಧಾನವಾಗಿ ಮೂಗು ಮುರಿದು, ಬಕೆಟ್ಟಿನ ನೀರನ್ನು ಕೆಟಲಿಗೆ ಬಗ್ಗಿಸಿ, ಕುಳಿತುಕೋ ಎಂದು ಕುರ್ಚಿ ತೋರಿಸಿದರು. ಎರಡು ಲೋಟ ಚಹಾ ಮುಗಿಯುವವರೆಗೂ ನಾನು ಪಾರ್ಕಾದ ಜಿಪ್ಪು ಇಳಿಸಲಿಲ್ಲ.