ನೀಲಿ ಚೌಕದೊಳಗೆ ಎಲ್ಲೋ ಕೊಡಗು

2080ರಲ್ಲಿ ಕೊಡಗಿಗೆ ಎಷ್ಟು ಮಳೆ ಅನ್ನೋದು ಕೊನೆಗೂ ಗೊತ್ತಾಯಿತು, ಅದೂ ಪಾಯಿಂಟ್ ಆದಮೇಲೆ ಎರಡು ಅಂಕಿಗಳ ಸಮೇತ. ನಾಳೆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುತ್ತದಾ ಅನ್ನೋದು ಮಾತ್ರ ವಾಟರ್‌ಮ್ಯಾನ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನೂ ಬಾಯಿ ಬಿಡಲ್ಲ.

ಪಟ್ಟಣದ ನೀರಿನ ಯೋಜನೆಯ ಸಭೆಗಳು ಈಗ ಹೀಗೇ ನಡೆಯೋದು. ಕನ್ಸಲ್ಟೆಂಟ್ ಸಾಹೇಬರು ಪರದೆ ಮೇಲೆ ನಕ್ಷೆ ಬಿಡುತ್ತಾರೆ. ದಪ್ಪ ದಪ್ಪ ಚೌಕಗಳು, ನಡುವೆ ಒಂದು ನೀಲಿ.

"ಇದರಲ್ಲಿ ನಮ್ಮೂರು ಎಲ್ಲಿ ಸಾರ್?"

"ಆ ನೀಲಿಯೊಳಗೆ ಎಲ್ಲೋ ಇದೆ."

ಅವರ ಮಾತಲ್ಲಿ ಸುಳ್ಳಿಲ್ಲ. ಜಾಗತಿಕ ಹವಾಮಾನ ಮಾಡೆಲ್‌ಗಳು, ಅಂದರೆ ಮುಂದಿನ ಮಳೆ ಬಿಸಿಲು ಅಂದಾಜು ಮಾಡೋ ಕಂಪ್ಯೂಟರ್ ಲೆಕ್ಕಗಳು, ಭೂಮಿಯನ್ನು ಚೌಕ ಚೌಕ ಮಾಡಿಕೊಂಡು ಲೆಕ್ಕ ಹಾಕುತ್ತವೆ. ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಚೌಕದ ಬದಿಯೇ 100 ಕಿಲೋಮೀಟರ್ ಆಸುಪಾಸು. ಅಂದರೆ ಹತ್ತು ಸಾವಿರ ಚದರ ಕಿಲೋಮೀಟರ್. ಇಡೀ ಕೊಡಗು ಇರೋದೇ 4,102. ಹಾಗಾಗಿ ಘಟ್ಟಕ್ಕೂ ಬಯಲಿಗೂ ಒಂದೇ ಮಳೆ. ಭಾಗಮಂಡಲದಲ್ಲಿ ಬಟ್ಟೆ ಒಣಗದೆ ಕೂತವನಿಗೂ, ಕುಶಾಲನಗರದಲ್ಲಿ ಛತ್ರಿ ಮನೆಯಲ್ಲೇ ಬಿಟ್ಟು ಬಂದವನಿಗೂ ಸಮಪಾಲು! ಇಷ್ಟು ದೊಡ್ಡ ಚೌಕದಲ್ಲಿ ಬೆಟ್ಟಗಳ ಎತ್ತರವೂ ಸವೆದು ದಿಬ್ಬವಾಗುತ್ತದೆ. ರೆಸಾರ್ಟಿನವರ ಜೆಸಿಬಿಗೂ ಇಷ್ಟು ಬೇಗ ಆಗಲ್ಲ ಬಿಡಿ.

ಪಾಪ, ಮಾಡೆಲ್ ಮಾಡಿದ ವಿಜ್ಞಾನಿಗಳನ್ನು ಬೈಯಬೇಡಿ. ಹಳೆಯ ಮಳೆ ದಾಖಲೆ ಜೊತೆ ತಾಳೆ ನೋಡಿ, ವ್ಯತ್ಯಾಸ ಸರಿಪಡಿಸಿ, ಸ್ಥಳೀಯ ಮಟ್ಟಕ್ಕೆ ಇಳಿಸಿ, ಒಂದೇ ಅಂಕಿ ನೆಚ್ಚಬೇಡಿ ಅಂತ ಅವರೇ ಬಡಕೊಂಡಿದ್ದಾರೆ. ನಮ್ಮವರು ಏನು ಮಾಡಿದರು? ಒಂದು ಮಾಡೆಲ್ ಮಳೆ ಜಾಸ್ತಿ ಅಂದಿತು, ಇನ್ನೊಂದು ಕಮ್ಮಿ ಅಂದಿತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರು. ಏನೂ ಆಗಲ್ಲ ಅಂತ ಬಂತು. ಎಲ್ಲರಿಗೂ ಸಮಾಧಾನ.

ಹಿಂದಿನ ಸಾಲಿನಿಂದ ತೋಟದ ಹಿರಿಯರೊಬ್ಬರು ಎದ್ದರು. ಕೈಯಲ್ಲಿ ಬೈಂಡು ಕಿತ್ತುಹೋದ ಲೆಕ್ಕದ ಪುಸ್ತಕ. ಕಾಫಿ ಹೂ ಅರಳಿಸೋ ಹೂಮಳೆಯಿಂದ ಹಿಡಿದು ದಿನದಿನದ ಮಳೆಯನ್ನೂ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದದ್ದು.

"ನಮ್ಮಪ್ಪನ ಕಾಲದಿಂದ ಇದೆ ಸಾರ್, ತಾಳೆ ನೋಡಬಹುದಲ್ವಾ?"

"ಎಕ್ಸೆಲ್‌ನಲ್ಲಿ ಇದೆಯಾ?"

"ಇಲ್ಲ."

"ಹಾಗಾದರೆ ಅದು ಡೇಟಾ ಅಲ್ಲ."

ಅವರು ಕೂರಲಿಲ್ಲ. "ವರ್ಷದ ಒಟ್ಟು ಮಳೆ ಕಟ್ಟಿಕೊಂಡು ಏನು ಮಾಡೋದು? 2018ರ ಆಗಸ್ಟ್‌ನಲ್ಲಿ ಗುಡ್ಡವೇ ಮನೆ ಮೇಲೆ ಬಂತು. ಬೇಸಿಗೆಗೆ ತೋಡು ಒಣಗುತ್ತದೆ. ಆಗಸ್ಟಿನ ನೀರನ್ನು ಏಪ್ರಿಲ್ ತನಕ ಎಲ್ಲಿ ಹಿಡಿದಿಡುತ್ತೀರಿ?"

"ಅದು ಈ ವರದಿಯ ವ್ಯಾಪ್ತಿಗೆ ಬರಲ್ಲ."

ಇನ್ನು ಬೇಡಿಕೆಯ ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಅಂತ ನಿಯಮವಿದೆ. ತಲೆ ಎಷ್ಟು? 2021ರ ಜನಗಣತಿ ಮುಂದೆ ಹೋಯಿತಲ್ಲ, ಹಾಗಾಗಿ 2011ರದ್ದೇ ಗತಿ. 2080ರ ಮೋಡಗಳಿಗೆ 2011ರ ಜನ! ಶನಿವಾರ ಸಾಲುಗಟ್ಟಿ ಬರುವ ಕಾರುಗಳಲ್ಲಿ ಇರುವವರು ಯಾವ ಪಟ್ಟಿಯಲ್ಲೂ ಇಲ್ಲ. ಹೋಂಸ್ಟೇಯಲ್ಲಿ ಅವರು ಸ್ನಾನ ಮಾಡಲ್ಲ ಅಂತ ಇರಬೇಕು.

ಪೈಪಿನ ಸೋರಿಕೆ ಬಗ್ಗೆ ಯಾರೂ ಕೇಳಲಿಲ್ಲ. ಅದಕ್ಕೆ ಮಾಡೆಲ್ ಇಲ್ಲ, ನೆಲ ಅಗೆಯಬೇಕು.

ಕೊನೆಗೆ ನಿರ್ಣಯ ಆಯಿತು: ನೀರಿಲ್ಲದ ಕಡೆ ನೀರು ಹೇಗೆ ಉಳಿಸುತ್ತಾರೆ ಅಂತ ನೋಡಿ ಬರಲು ರಾಜಸ್ಥಾನಕ್ಕೆ ಅಧ್ಯಯನ ಪ್ರವಾಸ. ಯಾವಾಗ ಅಂತ ಚರ್ಚೆ ಶುರುವಾಯಿತು.

"ಏಪ್ರಿಲ್‌ನಲ್ಲೇ ಇಟ್ಕೊಳ್ಳಿ ಸಾರ್," ಅಂದರು ಮೆಂಬರೊಬ್ಬರು. "ಆಗ ಹೇಗೂ ಮನೆಯಲ್ಲಿ ಸ್ನಾನಕ್ಕೆ ನೀರಿರಲ್ಲ."