ಹದ್ದಿಗೆ ಕೈತುತ್ತು: ಬೇಕೆ, ಬೇಡವೆ?

ಹದ್ದು, ಗಿಡುಗ, ಡೇಗೆ, ಗೂಬೆ ಎಂದರೆ ಕತ್ತೆತ್ತಿ ನೋಡುವವರು ಬಹಳ. ಅವುಗಳ ಊಟದ ಬಟ್ಟಲನ್ನು ಬಗ್ಗಿ ನೋಡುವವರು ಕೆಲವರೇ. ನನ್ನೊಳಗೆ ಈ ಇಬ್ಬರೂ ಇದ್ದಾರೆ, ಇಬ್ಬರಿಗೂ ಜಗಳ. ಬೇಟೆಹಕ್ಕಿಗಳಿಗೆ ಮನುಷ್ಯ ಕೈಯಾರೆ ಮಾಂಸ ಹಾಕಬೇಕೆ ಎಂಬ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆಯಾಗಿಯೇ ಉತ್ತರಿಸಲಿ.

ಪರ

ಗಾಯಗೊಂಡ ಹಕ್ಕಿಗಳನ್ನು ಆರೈಕೆ ಮಾಡುವ ಒಂದು ಕಡೆ ನನಗೆ ಸಿಕ್ಕ ಮೊದಲ ಕೆಲಸ, ಫ್ರೀಜರಿನಿಂದ ತೆಗೆದ ಕೋಳಿಮರಿಗಳನ್ನು ಎಣಿಸಿ ಬಟ್ಟಲುಗಳಿಗೆ ಹಾಕುವುದು. ಒಂದು ದಿನದ ಮರಿಗಳು. ಹಳದಿ ತುಪ್ಪಳ ಹಾಗೆಯೇ ಇತ್ತು. ಐದು ನಿಮಿಷದ ಹಿಂದೆ ಗೂಬೆಯ ಕಣ್ಣುಗಳನ್ನು ಕಂಡು ಮೈಮರೆತಿದ್ದ ನಾನು, ಈಗ ಕೈಗವಸು ತೊಟ್ಟಿದ್ದರೂ ಎರಡೇ ಬೆರಳಲ್ಲಿ ಮರಿಯನ್ನು ಹಿಡಿದು ಮುಖ ತಿರುಗಿಸಿಕೊಂಡಿದ್ದೆ. ಗೂಬೆಗೆ ಅಂಥ ಸಂಕೋಚವೇನೂ ಇರಲಿಲ್ಲ. ಇಡೀ ಮರಿಯನ್ನು ನುಂಗಿ ಕಣ್ಣು ಮುಚ್ಚಿಕೊಂಡು ಕುಳಿತಿತು.

ಆ ಅಳುಕನ್ನು ಕರುಣೆ ಎಂದು ಕರೆದುಕೊಳ್ಳುವುದು ಸುಲಭ. ಅದರಲ್ಲಿ ಕರುಣೆ ಎಷ್ಟಿತ್ತು, ಬರೀ ಹೇಸಿಗೆ ಎಷ್ಟಿತ್ತು ಎಂದು ನನ್ನನ್ನೇ ಕೇಳಿಕೊಂಡರೆ ಉತ್ತರ ಮುಜುಗರ ತರುತ್ತದೆ. ಡೇಗೆಯೊಂದು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗಿ ಆಕಾಶದಲ್ಲೇ ಪಾರಿವಾಳವನ್ನು ಹೊಡೆದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಪಾರಿವಾಳ ಸತ್ತು ತಟ್ಟೆಯಲ್ಲಿ ಮಲಗಿದ್ದರೆ ಮೂಗು ಮುಚ್ಚುತ್ತೇವೆ. ಸತ್ತದ್ದು ಎರಡು ಕಡೆಯೂ ಒಂದೇ ಜೀವ. ನಮಗೆ ಬೇಕಾದದ್ದು ಹಾರಾಟ, ಬೇಡವಾದದ್ದು ಅದರ ಖರ್ಚು.

ಗುಬ್ಬಿಗೆಂದು ಅಂಗಳದಲ್ಲಿ ಕಾಳು ಚೆಲ್ಲುವವರು ಅದನ್ನು ಶುದ್ಧ ಪುಣ್ಯದ ಕೆಲಸವೆಂದುಕೊಳ್ಳುತ್ತಾರೆ. ಗುಬ್ಬಿಗಳು ಸೇರಿದಲ್ಲಿಗೆ ಒಂದು ದಿನ ಗಿಡುಗ ಬಂದೇ ಬರುತ್ತದೆ. ಗಿಡುಗನಿಗೂ ಅವರೇ ಬಡಿಸಿದಂತಾಯಿತು, ಅವರಿಗೆ ಗೊತ್ತಿಲ್ಲ, ಅಷ್ಟೆ.

ಇನ್ನು ಆ ಹಳದಿ ಮರಿಗಳು ಬಂದದ್ದು ಎಲ್ಲಿಂದ? ಮೊಟ್ಟೆಗಾಗಿ ಕೋಳಿ ಸಾಕುವ ಉದ್ಯಮಕ್ಕೆ ಹುಂಜಮರಿ ಬೇಡ. ಅದು ಮೊಟ್ಟೆ ಇಡುವುದಿಲ್ಲ, ಆ ತಳಿಯಲ್ಲಿ ಮಾಂಸವೂ ಬೇಗ ಕೂಡುವುದಿಲ್ಲ. ಆದ್ದರಿಂದ ಪ್ರಪಂಚದ ಹೆಚ್ಚಿನ ಕಡೆ ಹುಟ್ಟಿದ ದಿನವೇ ಅವನ್ನು ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಮಿಕ್ಕ ಕಡೆ ಆ ಮರಿಗಳಲ್ಲಿ ಒಂದು ಪಾಲು ಗೂಬೆ, ಗಿಡುಗಗಳ ಹೊಟ್ಟೆ ಸೇರುತ್ತದೆ. ಆಮ್ಲೆಟ್ ತಿಂದು ಬಂದ ನಾನು ಬಟ್ಟಲಿನ ಮುಂದೆ ನಿಂತು ಮುಖ ಸಿಂಡರಿಸಿದರೆ ಅದಕ್ಕೆ ಏನೆನ್ನಬೇಕು?

ಒಳ್ಳೆಯ ಮಾಂಸದ ಎರಡು ತುಂಡು ಹಾಕಿ ನುಣುಚಿಕೊಳ್ಳುವ ಹಾಗೂ ಇಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರಾ ಕಡಿಮೆ. ಅದನ್ನೇ ತಿಂದು ಬೆಳೆದ ಮರಿಯ ಕಾಲುಮೂಳೆ ಬಾಗುತ್ತದೆ, ಮುರಿಯುತ್ತದೆ. ಬೇಟೆಹಕ್ಕಿಗೆ ಇಡೀ ಪ್ರಾಣಿಯೇ ಬೇಕು. ಜೀರ್ಣವಾಗದ ತುಪ್ಪಳ, ಗರಿ, ಮೂಳೆಚೂರುಗಳನ್ನು ಅದು ಆಮೇಲೆ ಉಂಡೆ ಕಟ್ಟಿ ಕಕ್ಕುತ್ತದೆ. ಆ ಉಂಡೆ ಬೀಳದಿದ್ದರೆ ಆರೈಕೆಯವರ ಮುಖ ಸಣ್ಣಗಾಗುತ್ತದೆ.

ಸರಿ, ಇದೆಲ್ಲ ರೋಗಿಗಳ ಮಾತಾಯಿತು. ಕಾಡಿನ ಹಕ್ಕಿಗೂ ನಾವು ಬಡಿಸಿದ್ದೇವೆ, ಬಡಿಸಿದ್ದರಿಂದಲೇ ಕೆಲವು ಇಂದಿಗೂ ಇವೆ. ಮಾರಿಷಸ್ ದ್ವೀಪದ ಚಾಣ ಹಕ್ಕಿ 1974ರ ಹೊತ್ತಿಗೆ ಕಾಡಿನಲ್ಲಿ ಗೊತ್ತಿದ್ದಂತೆ ಉಳಿದದ್ದು ನಾಲ್ಕೇ ನಾಲ್ಕು. ಗೂಡಿನಿಂದ ಮೊಟ್ಟೆ ತೆಗೆದರೆ ತಾಯಿ ಮತ್ತೆ ಇಡುತ್ತದೆಂಬ ಲೆಕ್ಕದ ಮೇಲೆ ಮೊದಲ ಮೊಟ್ಟೆಗಳನ್ನು ಮನುಷ್ಯರೇ ಮರಿ ಮಾಡಿಸಿದರು. ಗೂಡಿನಲ್ಲಿದ್ದ ಹಕ್ಕಿಗಳಿಗೂ ಬಿಡುಗಡೆಯಾದ ಮರಿಗಳಿಗೂ ಇಲಿಗಳನ್ನು ಕೊಟ್ಟರು. ಹಕ್ಕಿಗಳು ನೂರಾರಾದವು. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಭಾರೀ ರಣಹದ್ದು 1982ರಲ್ಲಿ 22ಕ್ಕೆ ಇಳಿದಿತ್ತು. 1987ರಲ್ಲಿ ಕಾಡಿನ ಕೊನೆಯದನ್ನೂ ಹಿಡಿದು ತಂದು, ಕಾಂಡೋರ್ ತಲೆಯ ಗೊಂಬೆಯನ್ನು ಕೈಗೆ ಹಾಕಿಕೊಂಡು ಮರಿಗಳಿಗೆ ಉಣಿಸಿದರು. ತುಪ್ಪಳದ ಇಲಿಯನ್ನು ಕತ್ತರಿಸುವಾಗ ಆ ಜನರಿಗೂ ಕಸಿವಿಸಿಯಾಗಿರಬಹುದು. ಕತ್ತರಿಸಿದರು.

ರಣಹದ್ದಿನ ವಿಷಯದಲ್ಲಂತೂ ಇದು ಸಾಲ ತೀರಿಸುವ ಕೆಲಸ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1990ರ ದಶಕದಿಂದ ಹದಿನೈದೇ ವರ್ಷಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಅಳಿಯಿತು. ನೇಪಾಳದ ಪಿಠೌಲಿಯಲ್ಲಿ 2006ರಲ್ಲಿ ತೆರೆದ 'ಜಟಾಯು ರೆಸ್ಟೋರೆಂಟ್' ಮುದಿ ದನಗಳನ್ನು ಸಾಕಿ, ವಿಷದ ಔಷಧಿ ಸೋಕಿಸದೆ, ತಾವಾಗಿ ಸತ್ತ ಮೇಲೆ ರಣಹದ್ದುಗಳಿಗೆ ಬಿಡುತ್ತದೆ. ತಟ್ಟೆಗೆ ವಿಷ ಹಾಕಿದವರು ನಾವು. ಶುದ್ಧ ತಟ್ಟೆ ಇಡುವಾಗ ಮಾತ್ರ 'ಪ್ರಕೃತಿಯಲ್ಲಿ ಕೈ ಹಾಕಬಾರದು' ಎಂಬ ವೇದಾಂತ ನೆನಪಾದರೆ, ಅದು ಬಹಳ ಅನುಕೂಲದ ವೇದಾಂತ.

ವಿರೋಧ

ಮುರಿದ ರೆಕ್ಕೆಯ ಗೂಬೆಗೆ ಉಣಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಅದು ಆಸ್ಪತ್ರೆ. ಆಸ್ಪತ್ರೆಯ ಗಂಜಿಯನ್ನು ತೋರಿಸಿ ಬೀದಿಯ ಸಂತರ್ಪಣೆಯನ್ನು ಸಮರ್ಥಿಸಬಾರದು. ನನ್ನ ತಕರಾರು ಮಹಡಿಯಿಂದ ಎಸೆಯುವ ಮಾಂಸದ ಚೂರಿನ ಬಗ್ಗೆ, ಕ್ಯಾಮೆರಾ ಸಿದ್ಧಮಾಡಿಕೊಂಡು ಬಿಡುವ ಇಲಿಯ ಬಗ್ಗೆ.

ಇಲಿಯಿಂದಲೇ ಶುರು ಮಾಡೋಣ. ಉತ್ತರ ಅಮೆರಿಕದ ಹಿಮದ ಬಯಲುಗಳಲ್ಲಿ ಗೂಬೆಯ ಚಿತ್ರ ತೆಗೆಯುವ ಕೆಲವರು ಅಂಗಡಿಯಲ್ಲಿ ಕೊಂಡ ಇಲಿಯನ್ನು ಹಿಮದ ಮೇಲೆ ಬಿಡುತ್ತಾರೆ. ಗೂಬೆ ರೆಕ್ಕೆ ಚಾಚಿ, ಕಾಲು ಮುಂದೊಡ್ಡಿ, ನೇರ ಲೆನ್ಸಿನ ಕಡೆಗೇ ಬರುತ್ತದೆ. ಅದ್ಭುತ ಚಿತ್ರ. ಹಿಮದಲ್ಲಿ ಒಂದು ದಿನವೂ ಬದುಕಿರದ, ಅಡಗಲು ಬಿಲವಿಲ್ಲದ ಆ ಸಾಕಿದ ಇಲಿ ಚೌಕಟ್ಟಿನ ಹೊರಗೆ. ಬಯಲಿನ ಇಲಿಗೆ ಓಡುವ ಒಂದು ಅವಕಾಶವಾದರೂ ಇತ್ತು, ಗೂಬೆ ಎಷ್ಟೋ ಸಲ ಬರಿಗಾಲಲ್ಲಿ ಹಿಂತಿರುಗುತ್ತದೆ. ಇಲ್ಲಿ ಕೊಂದದ್ದು ಗೂಬೆಯ ಉಗುರು, ತೀರ್ಪು ಕೊಟ್ಟದ್ದು ಕ್ಯಾಮೆರಾ ಹಿಡಿದವನು. ಮನುಷ್ಯನೂ ರಸ್ತೆಯೂ ಎಂದರೆ ಊಟ ಎಂದು ಕಲಿತ ಗೂಬೆ ವಾಹನಗಳ ದಾರಿಗೂ ಇಳಿಯುತ್ತದೆ.

ಪರ ವಾದಿಸಿದವರು ಅಳುಕನ್ನು ಹೇಸಿಗೆ ಎಂದು ತಳ್ಳಿಹಾಕಿದರು. ನನಗೆ ಹಾಗನಿಸುವುದಿಲ್ಲ. ಬೇಟೆಯನ್ನು ದೂರದಿಂದ ನೋಡುವಾಗ ಆಗದ ಕಸಿವಿಸಿ ಬಟ್ಟಲಿನ ಮುಂದೆ ಆಗುವುದಕ್ಕೆ ಕಾರಣವಿದೆ: ಅಲ್ಲಿ ನಾನು ನೋಡುಗ, ಇಲ್ಲಿ ಪಾಲುದಾರ. ಯಾರು ಸಾಯಬೇಕೆಂದು ಆರಿಸಿದ್ದು ನಾನು. ಹುಂಜಮರಿ ಹೇಗೂ ಸಾಯುತ್ತಿತ್ತು ಎಂಬ ಸಮಾಧಾನವೂ ನನಗೆ ಹಿಡಿಸಿಲ್ಲ. ಒಂದು ಕ್ರೌರ್ಯದ ಕಸಕ್ಕೆ ಗಿರಾಕಿ ಸಿಕ್ಕಿದೆ, ಅಷ್ಟೇ. ಅದನ್ನು ತಿನ್ನಲೇಬೇಕಾದ ರೋಗಿ ಹಕ್ಕಿ ಇದ್ದರೆ ತಿನ್ನಲಿ. ಆರಾಮವಾಗಿ ಹಾರುತ್ತಿರುವ ಹದ್ದಿಗೆ ನನ್ನ ಈ ಏರ್ಪಾಡು ಯಾಕೆ ಬೇಕು?

ಬ್ರಿಟನ್ನಿನ ಕೆಂಪು ಹದ್ದಿನ ಕಥೆ ಪಾಠ ಹೇಳುತ್ತದೆ. ಗುಂಡು, ವಿಷಗಳಿಗೆ ಬಲಿಯಾಗಿ ವೇಲ್ಸ್‌ನ ಮೂಲೆಯಲ್ಲಿ ಮಾತ್ರ ಉಳಿದಿದ್ದ ಹಕ್ಕಿಯನ್ನು 1989ರಿಂದ ಸ್ವೀಡನ್, ಸ್ಪೇನ್‌ಗಳಿಂದ ಮರಿಗಳನ್ನು ತಂದು ಮತ್ತೆ ನೆಲೆಗೊಳಿಸಿದರು. ಇಂದು ಅಲ್ಲಿ ಸಾವಿರಾರು ಜೋಡಿಗಳಿವೆ. ಹೀಗೆ ತಾನಾಗಿ ಬದುಕುತ್ತಿರುವ ಹಕ್ಕಿಗೆ ಕೆಲವು ಊರುಗಳ ಜನ ಹಿತ್ತಲಲ್ಲಿ ಮಾಂಸ ಹಾಕತೊಡಗಿದರು. ಬೇಯಿಸಿದ್ದು, ಉಪ್ಪು ಹಾಕಿದ್ದು, ಮೂಳೆ ಬಿಡಿಸಿದ್ದು. ಮೂಳೆಯಿಲ್ಲದ ಮಾಂಸ ಮರಿಗಳನ್ನು ಏನು ಮಾಡುತ್ತದೆ ಎಂದು ಮೇಲೆ ಪರ ವಾದಿಸಿದವರೇ ಬರೆದಿದ್ದಾರೆ, ನಾನು ಮತ್ತೆ ಹೇಳಬೇಕಿಲ್ಲ. ಮನುಷ್ಯರ ಕೈಯಲ್ಲಿ ಊಟ ಇರುತ್ತದೆಂದು ಕಲಿತ ಹದ್ದಿಗೆ ಎಸೆದ ತುಂಡಿಗೂ ಮಗುವಿನ ಕೈಯಲ್ಲಿರುವ ತಿಂಡಿಗೂ ವ್ಯತ್ಯಾಸ ಗೊತ್ತಿಲ್ಲ. ಉಗುರು ಬೆರಳಿಗೆ ತಗುಲಿದ ದಿನ ದೂರು ಹೋಗುವುದು ಹದ್ದಿನ ಮೇಲೆಯೇ.

ಅಲಾಸ್ಕಾದ ಹೋಮರ್ ಪಟ್ಟಣದಲ್ಲಿ ಒಬ್ಬ ಮಹಿಳೆ ದಶಕಗಳ ಕಾಲ ಚಳಿಗಾಲವಿಡೀ ಮೀನು ಹಾಕಿ ಬಿಳಿತಲೆ ಹದ್ದುಗಳನ್ನು ಸಾಕಿದರು. ನೂರಾರು ಹದ್ದುಗಳು ಒಂದೇ ಬೇಲಿಯ ಸುತ್ತ. ದೂರದೂರದಿಂದ ಛಾಯಾಗ್ರಾಹಕರು ಬಂದರು. 2006ರಲ್ಲಿ ಪಟ್ಟಣದ ಆಡಳಿತ ಹದ್ದಿಗೆ ಊಟ ಹಾಕುವುದನ್ನೇ ನಿಷೇಧಿಸಿತು, ಅವರಿಗೆ ಮಾತ್ರ ಕೆಲವು ವರ್ಷಗಳ ವಿನಾಯಿತಿ ಕೊಟ್ಟಿತು. ಆಕೆಯ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆ ಬೇಲಿಯ ಮೇಲಿನ ಹದ್ದುಗಳ ಚಿತ್ರ ನೋಡಿದಾಗಲೆಲ್ಲ ಮಾತ್ರ, ಮನೆಯಂಗಳದ ಕೋಳಿಗಳ ನೆನಪಾಗುತ್ತದೆ.

ಇನ್ನು ಸಾಲ ತೀರಿಸುವ ಮಾತು. ಚಾಣ ಹಕ್ಕಿಯ ಗೆಲುವಿನಲ್ಲಿ ಅವರು ಹೇಳದೆ ಬಿಟ್ಟ ಭಾಗವಿದೆ: 1990ರ ದಶಕದಲ್ಲಿ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ನಿಲ್ಲಿಸಿದರು. ನಿಲ್ಲಿಸುವ ಉದ್ದೇಶದಿಂದ ಶುರುವಾದ ಕೆಲಸ ಅದು. ಹಿತ್ತಲಲ್ಲಿ ಮಾಂಸ ಎಸೆಯುವವನ ಬಳಿ ಅಂಥ ಯೋಜನೆ ಯಾವುದಿದೆ? ಕಾಂಡೋರ್‌ಗಳಿಗೆ ಶುದ್ಧ ಮಾಂಸವಿಟ್ಟರೂ ಅವು ನೂರಾರು ಕಿಲೋಮೀಟರ್ ಅಲೆದು, ಬೇಟೆಗಾರರು ಬಿಟ್ಟ ಕಳೇಬರ ತಿಂದು ಸೀಸದ ವಿಷದಿಂದ ಸಾಯುತ್ತಲೇ ಇದ್ದವು. ಕೊನೆಗೆ ಬೇಟೆಗೆ ಸೀಸದ ಗುಂಡು ಬಳಸುವುದನ್ನೇ ಕ್ಯಾಲಿಫೋರ್ನಿಯಾ 2019ರಿಂದ ಪೂರ್ತಿ ನಿಷೇಧಿಸಬೇಕಾಯಿತು. ರಣಹದ್ದಿಗೂ ಅಷ್ಟೇ: ಭಾರತ 2006ರಲ್ಲಿ ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿಯನ್ನು ನಿಷೇಧಿಸಿದ್ದೇ ಮುಖ್ಯ ಹೆಜ್ಜೆ. ತಟ್ಟೆ ಇಡುವುದು ಕಣ್ಣಿಗೆ ಕಾಣುವ ಕೆಲಸ. ಕಾನೂನಿಗಾಗಿ ವರ್ಷಗಟ್ಟಲೆ ಕಚೇರಿ ಸುತ್ತುವುದರಲ್ಲಿ ಹಕ್ಕಿಯ ಒಂದು ಗರಿಯೂ ಕಾಣಸಿಗುವುದಿಲ್ಲ.

ಕಾಂಡೋರ್ ಮರಿಗೆ ಉಣಿಸುವವರು ಗೊಂಬೆ ತೊಟ್ಟದ್ದು ಆಟಕ್ಕಲ್ಲ, ಮರಿ ತಮ್ಮ ಮುಖವನ್ನು ನೋಡದಿರಲಿ ಎಂದು. ಮತ್ತೆ ಕಾಡಿಗೆ ಬಿಡಬೇಕಾದ ಗೂಬೆ, ಗಿಡುಗಗಳ ಮರಿಗಳನ್ನು ಸಾಕುವಾಗಲೂ ತೆರೆಯ ಹಿಂದಿನಿಂದ ಊಟ ಜಾರಿಸಿ ಸದ್ದಿಲ್ಲದೆ ಹೊರಟುಬಿಡುತ್ತಾರೆ. ಹಕ್ಕಿ ತಿಂದಿತೋ ಇಲ್ಲವೋ ಎಂಬುದು ಅವರಿಗೆ ಗೊತ್ತಾಗುವುದು ಮರುದಿನ, ನೆಲದ ಮೇಲೆ ಬಿದ್ದ ಉಂಡೆಯನ್ನು ಹೆಕ್ಕುವಾಗ.